ಆನ್‌ಲೈನಲ್ಲಿ ತೋರ್ಸೋ ಮನೆ ರೇಟನ್ನ ಹೇಗೆ ಬಳಸ್ಕೋಬೇಕು: ಬೆಂಗಳೂರಲ್ಲಿ ಮನೆ ತಗೊಳ್ಳೋರಿಗೆ, ಮಾರೋರಿಗೆ ಸಮಗ್ರ ಮಾರ್ಗದರ್ಶಿ

ಮನೆ ಮಾರ್ಬೇಕು ಇಲ್ಲಾ ತಗೋಬೇಕು ಅಂತ ಮನಸ್ಸಲ್ಲಿ ಬಂದ ತಕ್ಷಣ ಈಗ ಎಲ್ರೂ ಮಾಡೋದು ಒಂದೇ, ಫೋನ್ ತೆಗೆದು ಯಾವುದಾದ್ರೂ ಪ್ರಾಪರ್ಟಿ ಆ್ಯಪಲ್ಲಿ ಏರಿಯಾ ಹೆಸರು, ಎಷ್ಟು ಸ್ಕ್ವೇರ್ ಫೀಟ್, ಎಷ್ಟು ಬೆಡ್‌ರೂಮ್ ಅಂತ ಹಾಕಿ ಬರೋ ರೇಟ್ ನೋಡೋದು. ಮ್ಯಾಜಿಕ್‌ಬ್ರಿಕ್ಸ್, 99 ಏಕರ್ಸ್, ಹೌಸಿಂಗ್, ನೋಬ್ರೋಕರ್ ಇವೆಲ್ಲದ್ರಲ್ಲೂ ಏರಿಯಾ ರೇಟೋ ಮನೆ ಅಂದಾಜೋ ಏನೋ ಒಂದು ಸಿಗುತ್ತೆ. ನೋಡೋದು ತಪ್ಪಲ್ಲ, ನೋಡಲೇಬೇಕು. ಆದ್ರೆ ಆ ಒಂದು ನಂಬರ್ ಮನಸ್ಸಲ್ಲಿ ಕೂತ್ಬಿಟ್ರೆ ಆಮೇಲೆ ಅದನ್ನ ಬಿಡೋದು ಬಹಳ ಕಷ್ಟ, ಮಾರೋರು ಅದಕ್ಕಿಂತ ಒಂದು ರೂಪಾಯಿ ಕಮ್ಮಿ ಆದ್ರೂ ಮೋಸ ಹೋದೆ ಅಂದ್ಕೋತಾರೆ, ತಗೊಳ್ಳೋರು ಅದಕ್ಕಿಂತ ಕಮ್ಮಿಗೆ ಸಿಕ್ತು ಅಂತ ಖುಷಿಪಟ್ಟು ಅಡ್ವಾನ್ಸ್ ಕೊಟ್ಬಿಡ್ತಾರೆ. ಆ ನಂಬರ್ ಎಲ್ಲಿಂದ ಬಂತು, ಅದನ್ನ ಯಾವುದರ ಜೊತೆ ಹೋಲಿಸ್ಬೇಕು, ಕೊನೆಗೆ ನಿಮ್ಮದೇ ಒಂದು ರೇಟು ಹೇಗೆ ಕಟ್ಕೋಬೇಕು ಅಂತ ಇಲ್ಲಿ ಒಂದೊಂದಾಗಿ ಬರೀತಿದ್ದೀನಿ. ಲೆಕ್ಕಕ್ಕೆ ಹಾಕಿರೋ ರೇಟುಗಳು ಬರೀ ಉದಾಹರಣೆ, ನಿಮ್ಮ ಏರಿಯಾದ್ದು ನೀವೇ ಹಾಕ್ಕೊಳ್ಳಿ.

ಮೊದಲು ಇದು ಗೊತ್ತಿರ್ಲಿ: ಅದು ಕೇಳೋ ರೇಟು, ಕೊಟ್ಟ ರೇಟಲ್ಲ

ಅಮೆರಿಕದಲ್ಲಿರೋ ನಮ್ಮವರು ಊರಿನ ಮನೆ ಮಾರೋವಾಗ ಹೆಚ್ಚಾಗಿ ಎಡವೋದು ಇಲ್ಲೇ. ಅಲ್ಲಿ ಝಿಲೋ ಅನ್ನೋ ಪ್ರಾಪರ್ಟಿ ಕಂಪನಿ 2006ರಿಂದ ಝೆಸ್ಟಿಮೇಟ್ ಅಂತ ಮನೆ ಬೆಲೆ ತೋರಿಸ್ತಿದೆ, ಅಲ್ಲಿನ ಹೆಚ್ಚಿನ ರಾಜ್ಯಗಳಲ್ಲಿ ಮನೆ ಎಷ್ಟಕ್ಕೆ ಮಾರಾಟ ಆಯ್ತು ಅನ್ನೋದು ಸಾರ್ವಜನಿಕ ದಾಖಲೆ, ಹಂಗಾಗಿ ಕಂಪ್ಯೂಟರಿಗೆ ನಿಜವಾದ ವ್ಯವಹಾರದ ಲೆಕ್ಕ ಸಿಗುತ್ತೆ. ಅಷ್ಟಿದ್ರೂ ಟೆಕ್ಸಾಸ್ ತರ ಮಾರಾಟದ ಬೆಲೆ ಬಹಿರಂಗ ಮಾಡ್ಬೇಕಂತಿಲ್ಲದ ರಾಜ್ಯಗಳಲ್ಲಿ ಅಂದಾಜು ಮಾಡೋದು ಕಷ್ಟ, ಅದೇ ಕಂಪನಿ ತಾನೇ ಮನೆ ಕೊಂಡು ಮಾರೋ ವ್ಯವಹಾರಕ್ಕಿಳಿದು ಮುಂದೆ ಬೆಲೆ ಎಷ್ಟಾಗುತ್ತೆ ಅಂತ ಸರಿಯಾಗಿ ಹೇಳಕ್ಕಾಗ್ತಿಲ್ಲ ಅಂತ 2021ರ ನವೆಂಬರಲ್ಲಿ ಅದನ್ನ ಮುಚ್ಚಿತು.

ನಮ್ಮಲ್ಲಿ ನೋಂದಣಿ ಆದ ಬೆಲೆ ಅಂತ ಒಂದಿರುತ್ತೆ, ಆದ್ರೆ ಬಹಳ ಕಡೆ ಅದು ಪೂರ್ತಿ ಬೆಲೆ ಆಗಿರಲ್ಲ, ಒಂದು ಭಾಗ ಬ್ಲ್ಯಾಕಲ್ಲಿ ನಡೆದಿರುತ್ತೆ, ಪತ್ರದಲ್ಲಿ ಗೈಡೆನ್ಸ್ ವ್ಯಾಲ್ಯೂ (ಸರ್ಕಾರ ನಿಗದಿ ಮಾಡಿರೋ ದರ) ಹತ್ರ ಏನೋ ಬರೆದಿರ್ತಾರೆ. ಆ ನೋಂದಣಿ ಲೆಕ್ಕ ಕೂಡ ಸುಲಭವಾಗಿ ಒಟ್ಟಿಗೆ ಸಿಗೋ ತರ ಇಲ್ಲ. ಅದಕ್ಕೇ ಆ್ಯಪ್‌ಗಳು ಬಹುಪಾಲು ತಮ್ಮಲ್ಲೇ ಹಾಕಿರೋ ಜಾಹೀರಾತುಗಳ ರೇಟಿನ ಮೇಲೆ ಅಂದಾಜು ಮಾಡ್ತವೆ, ಅಂದ್ರೆ ಮಾರೋರು ಕೇಳ್ತಿರೋ ರೇಟು. ಮೆಟ್ರೊ ಬರುತ್ತೆ ಅಂತ ಸುದ್ದಿ ಬಂದ್ರೆ ಸಾಕು ಕೇಳೋ ರೇಟು ಏರ್ಬಿಡುತ್ತೆ, ಆ ರೇಟಿಗೆ ಒಬ್ರೂ ತಗೊಂಡಿರಲ್ಲ, ಆದ್ರೂ ಆ್ಯಪಲ್ಲಿ ಏರಿಯಾ ಗ್ರಾಫ್ ಮೇಲಕ್ಕೆ ಹೋಗಿರುತ್ತೆ.

ಹಂತ 1: ನಿಮ್ಮ ಮನೆಯ ಅಳತೆ ಸರಿ ಮಾಡ್ಕೊಳ್ಳಿ

ಫ್ಲಾಟಿಗೆ ಮೂರು ಅಳತೆ ಇರುತ್ತೆ. ಕಾರ್ಪೆಟ್ ಏರಿಯಾ ಅಂದ್ರೆ ಒಳಗೆ ನೀವು ನಿಜವಾಗಿ ಬಳಸೋ ಜಾಗ, ಸೂಪರ್ ಬಿಲ್ಟ್ ಅಪ್ ಅಂದ್ರೆ ಅದಕ್ಕೆ ಗೋಡೆ, ಬಾಲ್ಕನಿ, ಲಿಫ್ಟು, ಮೆಟ್ಟಿಲು, ಲಾಬಿ ಎಲ್ಲದರ ಪಾಲು ಸೇರಿಸಿದ್ದು, ಮೂರನೇದು ಯುಡಿಎಸ್, ಅಂದ್ರೆ ಕೆಳಗಿರೋ ಜಾಗದಲ್ಲಿ ನಿಮ್ಮ ಪಾಲು. 2016ರ ರೇರಾ ಕಾಯ್ದೆ (ಬಿಲ್ಡರ್‌ಗಳನ್ನ ನಿಯಂತ್ರಿಸೋ ಕಾನೂನು) ಬಂದ ಮೇಲೆ ಬಿಲ್ಡರ್‌ಗಳು ಕಾರ್ಪೆಟ್ ಏರಿಯಾ ಹೇಳಲೇಬೇಕು, ಆದ್ರೆ ಮಾರ್ಕೆಟಲ್ಲಿ ಮಾತಾಡೋದು ಈಗಲೂ ಸೂಪರ್ ಬಿಲ್ಟ್ ಅಪ್ ಲೆಕ್ಕದಲ್ಲೇ. ಆ್ಯಪಲ್ಲಿ ಒಬ್ರು ಕಾರ್ಪೆಟ್ ಹಾಕಿರ್ತಾರೆ ಇನ್ನೊಬ್ರು ಸೂಪರ್ ಬಿಲ್ಟ್ ಅಪ್ ಹಾಕಿರ್ತಾರೆ, ಎರಡನ್ನೂ ಪಕ್ಕ ಪಕ್ಕ ಇಟ್ಟು ರೇಟ್ ಹೋಲಿಸಿದ್ರೆ ಲೆಕ್ಕ ಪೂರ್ತಿ ಕೆಟ್ಟೋಗುತ್ತೆ. ಸೇಲ್ ಡೀಡ್ ತೆಗೆದು ಮೂರೂ ಅಳತೆ ಒಂದು ಹಾಳೇಲಿ ಬರ್ಕೊಳ್ಳಿ. ಹೊಸ ಪ್ರಾಜೆಕ್ಟ್ ಆದ್ರೆ ಕರ್ನಾಟಕ ರೇರಾ ಸೈಟಲ್ಲಿ ಪ್ರಾಜೆಕ್ಟ್ ಹೆಸರು ಹಾಕಿ ನೋಡಿದ್ರೆ ಒಂದೊಂದು ಮನೆ ಕಾರ್ಪೆಟ್ ಏರಿಯಾ ಸಿಗುತ್ತೆ.

ಹಳೇ ಅಪಾರ್ಟ್‌ಮೆಂಟಲ್ಲಿ ಯುಡಿಎಸ್ ಬಹಳ ಮುಖ್ಯ, ಕಟ್ಟಡಕ್ಕೆ ವಯಸ್ಸಾಗ್ತಾ ಆಗ್ತಾ ಬೆಲೆ ಉಳಿಯೋದು ಜಾಗಕ್ಕೆ ಮಾತ್ರ. ಮೂರು ಮಹಡಿಯ ಸಣ್ಣ ಬಿಲ್ಡಿಂಗಲ್ಲಿರೋ ಫ್ಲಾಟಿಗೂ ಇಪ್ಪತ್ತು ಮಹಡಿ ಟವರಲ್ಲಿರೋ ಅಷ್ಟೇ ಅಳತೆಯ ಫ್ಲಾಟಿಗೂ ಯುಡಿಎಸ್ ಅಜಗಜಾಂತರ ಇರ್ಬೋದು. ಹೆಚ್ಚಿನ ಆ್ಯಪ್‌ಗಳು ಇದನ್ನ ಕೇಳೋದೇ ಇಲ್ಲ.

ಹಂತ 2: ಆ್ಯಪನ್ನೇ ಒಂದ್ಸಲ ಪರೀಕ್ಷೆ ಮಾಡಿ

ಇದು ನನಗೆ ಬಹಳ ಇಷ್ಟವಾದ ಉಪಾಯ, ಐದು ನಿಮಿಷದ ಕೆಲಸ. ಒಂದ್ಸಲ ನಿಮ್ಮ ಮನೆ ವಿವರ ಸರಿಯಾಗಿ ಹಾಕಿ ರೇಟ್ ಬರ್ಕೊಳ್ಳಿ. ಆಮೇಲೆ ಒಂದೇ ಒಂದು ವಿವರ ಬದಲಾಯಿಸಿ ಮತ್ತೆ ಹಾಕಿ, ಮನೆ ವಯಸ್ಸು 5 ವರ್ಷದಿಂದ 20 ಮಾಡಿ, ಎಷ್ಟನೇ ಫ್ಲೋರು ಅನ್ನೋದು ಬದಲಾಯಿಸಿ, ಕಾರ್ ಪಾರ್ಕಿಂಗ್ ತೆಗೀರಿ. ಯಾವುದನ್ನ ಬದಲಾಯಿಸಿದ್ರೂ ರೇಟು ಅಲ್ಲಾಡ್ಲಿಲ್ವೋ ಅದು ಆ ಆ್ಯಪಿನ ಲೆಕ್ಕದಲ್ಲೇ ಇಲ್ಲ ಅಂತ ಅರ್ಥ. ಇಪ್ಪತ್ತು ವರ್ಷದ ಮನೆಗೂ ಐದು ವರ್ಷದ ಮನೆಗೂ ಒಂದೇ ರೇಟ್ ಬಂತಂದ್ರೆ ನೀವು ನೋಡ್ತಿರೋದು ಏರಿಯಾ ಸರಾಸರಿ ಅಷ್ಟೇ, ನಿಮ್ಮ ಮನೆ ಬೆಲೆ ಅಲ್ಲ.

ಇದನ್ನೇ ಮೂರ್ನಾಲ್ಕು ಆ್ಯಪಲ್ಲಿ ಮಾಡಿ. ಎಲ್ಲದ್ರಲ್ಲೂ ಹೆಚ್ಚುಕಮ್ಮಿ ಒಂದೇ ಬಂದ್ರೆ ಅಲ್ಲಿ ಜಾಹೀರಾತು ಬಹಳ ಇದೆ, ಒಂದೇ ತರದ ಫ್ಲಾಟ್‌ಗಳಿವೆ, ಅಂದಾಜು ತಕ್ಕಮಟ್ಟಿಗೆ ನಂಬ್ಬೋದು. ಒಂದರಲ್ಲಿ 95 ಲಕ್ಷ ಇನ್ನೊಂದರಲ್ಲಿ 1.3 ಕೋಟಿ ಅಂತ ಬಂದ್ರೆ ಅವಕ್ಕೂ ಗೊತ್ತಿಲ್ಲ ಅಂತ. ಇಂಡಿಪೆಂಡೆಂಟ್ ಮನೆಗೆ, ರೆವಿನ್ಯೂ ಲೇಔಟಿಗೆ (ಕೃಷಿ ಜಮೀನಲ್ಲಿ ಸರಿಯಾದ ಅನುಮತಿ ಇಲ್ಲದೆ ಮಾಡಿದ ಲೇಔಟ್) ಹೀಗಾಗೋದು ಜಾಸ್ತಿ. ಇನ್ನೊಂದು ವಿಷಯ, ರೇಟ್ ತೋರ್ಸೋಕೆ ಫೋನ್ ನಂಬರ್ ಕೇಳ್ತಾರೆ, ಕೊಟ್ಟ ಮೇಲೆ ಕಾಲ್ ಬರೋಕೆ ಶುರುವಾಗುತ್ತೆ, ಮನೆಯಲ್ಲಿ ಬೇರೆ ಸಿಮ್ ಇದ್ರೆ ಅದನ್ನ ಕೊಡಿ.

ಹಂತ 3: ಗೈಡೆನ್ಸ್ ವ್ಯಾಲ್ಯೂ ತೆಗೆಯಿರಿ

ಇದು ಸರ್ಕಾರದ್ದು, ನೋಂದಣಿ ಮತ್ತು ಮುದ್ರಾಂಕ ಇಲಾಖೆ ನಿಗದಿ ಮಾಡೋ ಮಾರ್ಗಸೂಚಿ ದರ. ಆ ಇಲಾಖೆಯ ಕಾವೇರಿ ಪೋರ್ಟಲಲ್ಲಿ ನೋಡ್ಬೋದು, ನಿಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿನ ಪಟ್ಟೀಲಿ ಏರಿಯಾ, ರಸ್ತೆ, ಎಷ್ಟೋ ಕಡೆ ಅಪಾರ್ಟ್‌ಮೆಂಟ್ ಹೆಸರೂ ಇರುತ್ತೆ. ಪಟ್ಟೀಲಿ ರೇಟು ಚದರ ಮೀಟರ್ ಲೆಕ್ಕದಲ್ಲಿದ್ರೆ 10.764ರಿಂದ ಭಾಗಿಸಿ, ಆಗ ಸ್ಕ್ವೇರ್ ಫೀಟ್ ರೇಟ್ ಬರುತ್ತೆ. 64,600 ಅಂತ ಇದ್ರೆ ಸ್ಕ್ವೇರ್ ಫೀಟ್‌ಗೆ ಸುಮಾರು 6,000. ಪಟ್ಟಿ ಜೊತೆಗಿರೋ ವಿಶೇಷ ಸೂಚನೆಗಳನ್ನೂ ಓದಿ, ಕಾರ್ನರ್ ಸೈಟು, ಕಮರ್ಷಿಯಲ್ ಬಳಕೆ ಇಂಥದ್ದಕ್ಕೆ ಲೆಕ್ಕ ಬೇರೆ.

ಇದು ಮಾರ್ಕೆಟ್ ರೇಟಲ್ಲ. ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಪರಿಷ್ಕರಣೆ ಆದಾಗ ಬಹಳ ಕಡೆ ಏರ್ತು, ಆದ್ರೂ ಒಳ್ಳೇ ಏರಿಯಾಗಳಲ್ಲಿ ಮಾರ್ಕೆಟ್ ಅದಕ್ಕಿಂತ ಮೇಲೇ ಇರುತ್ತೆ, ಕೆಲವು ಕಡೆ ಉಲ್ಟಾನೂ ಇದೆ. ಹಂಗಂತ ಬಿಟ್ಬಿಡೋ ಹಾಗಿಲ್ಲ, ಯಾಕಂದ್ರೆ ನಿಮ್ಮ ಖರ್ಚು ಮತ್ತು ಟ್ಯಾಕ್ಸ್ ಎರಡಕ್ಕೂ ಇದು ಕೊಂಡಿ.

ಸ್ಟಾಂಪ್ ಡ್ಯೂಟಿ ಲೆಕ್ಕ ಹಾಕೋದು ಗೈಡೆನ್ಸ್ ವ್ಯಾಲ್ಯೂ ಮತ್ತು ಒಪ್ಪಿದ ಬೆಲೆ ಇವೆರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ. 45 ಲಕ್ಷಕ್ಕಿಂತ ಮೇಲಿನ ಮನೆಗೆ ಸ್ಟಾಂಪ್ ಡ್ಯೂಟಿ ಶೇ 5, ಅದರ ಮೇಲೆ ಸೆಸ್ಸು ಸರ್ಚಾರ್ಜು, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು 2 ಆಗಿದೆ, ಎಲ್ಲಾ ಸೇರಿ ನಗರದಲ್ಲಿ ಶೇ 7.6. ಹಳೇ 6.6 ಲೆಕ್ಕ ಇಟ್ಕೊಂಡು ದುಡ್ಡು ಹೊಂದಿಸಿದ್ರೆ ಒಂದು ಕೋಟಿ ಮನೆಗೆ ಒಂದು ಲಕ್ಷ ಕಮ್ಮಿ ಬೀಳುತ್ತೆ.

ಟ್ಯಾಕ್ಸ್ ವಿಷಯ ಇನ್ನೂ ಗಂಭೀರ. ಗೈಡೆನ್ಸ್ ಲೆಕ್ಕದ ಬೆಲೆ ಒಂದು ಕೋಟಿ ಅಂದ್ಕೊಳ್ಳಿ, ನೀವು 92 ಲಕ್ಷಕ್ಕೆ ಒಪ್ಕೊಂಡ್ರೆ ಪರವಾಗಿಲ್ಲ, ಶೇ 10ರಷ್ಟು ವ್ಯತ್ಯಾಸಕ್ಕೆ ರಿಯಾಯಿತಿ ಇದೆ. 85 ಲಕ್ಷಕ್ಕೆ ಒಪ್ಕೊಂಡ್ರೆ ಆ ಗಡಿ ದಾಟ್ತು, ಮಾರಿದವರಿಗೆ ಒಂದು ಕೋಟಿಗೇ ಮಾರಿದ್ರಿ ಅಂತ ಕ್ಯಾಪಿಟಲ್ ಗೇನ್ಸ್ (ಮಾರಾಟದಲ್ಲಿ ಬಂದ ಲಾಭ) ಲೆಕ್ಕ ಹಾಕ್ತಾರೆ, ತಗೊಂಡವರಿಗೆ ಆ 15 ಲಕ್ಷ ವ್ಯತ್ಯಾಸ ಅವರ ವರಮಾನ ಅಂತ ಸೇರಿಸ್ತಾರೆ. ತುರ್ತಿಗೆ ಮಾರ್ತಿರೋ ಮನೆ ಚೀಪಾಗಿ ಸಿಕ್ತು ಅಂತ ಓಡೋ ಮುಂಚೆ ಈ ಲೆಕ್ಕ ಹಾಕಲೇಬೇಕು.

ಹಂತ 4: ಜಾಹೀರಾತುಗಳನ್ನ ಜರಡಿ ಹಿಡೀರಿ

ಈಗ ಆ್ಯಪಿನ ಅಂದಾಜು ಬದಿಗಿಟ್ಟು ಅದೇ ಆ್ಯಪಲ್ಲಿರೋ ಜಾಹೀರಾತುಗಳನ್ನ ನೋಡಿ, ನಿಜವಾದ ಮಾಹಿತಿ ಅಲ್ಲಿರುತ್ತೆ. ಅದೇ ಅಪಾರ್ಟ್‌ಮೆಂಟು, ಇಲ್ಲಾ ಆಸುಪಾಸಿನ ಅದೇ ವಯಸ್ಸಿನ ಬಿಲ್ಡಿಂಗ್, ಅದೇ ಬೆಡ್‌ರೂಮ್ ಲೆಕ್ಕ. ಹದಿನೈದು ಜಾಹೀರಾತು ಸಿಕ್ತು ಅಂದ್ಕೊಳ್ಳಿ, ಅದರಲ್ಲಿ ನಿಜವಾದ ಮನೆ ಏಳೋ ಎಂಟೋ ಇರುತ್ತೆ. ಒಂದೇ ಫ್ಲಾಟನ್ನ ಮೂರು ಜನ ಬ್ರೋಕರ್‌ಗಳು ಮೂರು ರೇಟಲ್ಲಿ ಹಾಕಿರ್ತಾರೆ. ಫೋಟೋ ಗಮನವಿಟ್ಟು ನೋಡಿದ್ರೆ ಗೊತ್ತಾಗುತ್ತೆ: ಅಡುಗೆಮನೆ ಗೋಡೆಯ ಟೈಲ್ಸು, ಬಾಲ್ಕನಿ ಗ್ರಿಲ್ಲಿನ ಡಿಸೈನು, ಕಿಟಕಿಯಾಚೆ ಕಾಣೋ ವಾಟರ್ ಟ್ಯಾಂಕು, ಇವು ಒಂದೇ ಆಗಿದ್ರೆ ಮನೆಯೂ ಒಂದೇ, ಅದರಲ್ಲಿ ಎಲ್ಲಕ್ಕಿಂತ ಕಮ್ಮಿ ರೇಟ್ ಯಾವುದೋ ಅದನ್ನ ಮಾತ್ರ ಇಟ್ಕೊಂಡು ಉಳಿದದ್ದು ಹೊಡೆದಾಕಿ. ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡು ಮೂರ್ನಾಲ್ಕು ವಾರ ಬಿಟ್ಟು ಮತ್ತೆ ನೋಡಿ. ಹೋಗ್ಬಿಟ್ಟಿರೋ ಮನೆ ಬಹುಶಃ ಸರಿಯಾದ ರೇಟಲ್ಲಿತ್ತು, ಇನ್ನೂ ಅಲ್ಲೇ ಇರೋದು ಜಾಸ್ತಿ ಕೇಳ್ತಿದೆ, ರೇಟ್ ಇಳಿಸಿರೋದು ನಿಮಗೆ ಎಲ್ಲಕ್ಕಿಂತ ದೊಡ್ಡ ಸುಳಿವು.

ಆಮೇಲೆ ಫೋನ್ ಮಾಡಿ. ರೇಟಲ್ಲಿ ಕಾರ್ ಪಾರ್ಕಿಂಗ್ ಸೇರಿದ್ಯಾ, ಎ ಖಾತಾನಾ ಬಿ ಖಾತಾನಾ (ಖಾತಾ ಅಂದ್ರೆ ಪಾಲಿಕೆಯ ಆಸ್ತಿ ದಾಖಲೆ, ಎ ಪೂರ್ತಿ ಸಕ್ರಮ, ಬಿ ಹಾಗಲ್ಲ), ಇ-ಖಾತಾ ಅಂದ್ರೆ ಅದರ ಡಿಜಿಟಲ್ ದಾಖಲೆ ಆಗಿದ್ಯಾ, ಇದೇ ಬಿಲ್ಡಿಂಗಲ್ಲಿ ಕೊನೇ ಮನೆ ಎಷ್ಟಕ್ಕೆ ಹೋಯ್ತು ಸಾರ್, ಇಷ್ಟು ಕೇಳಿ.

ಹಂತ 5: ನಿಜವಾಗಿ ಎಷ್ಟಕ್ಕೆ ಹೋಯ್ತು ಅಂತ ಪತ್ತೆ ಮಾಡಿ

ಇದೇ ಕಷ್ಟದ ಹಂತ, ಇದಕ್ಕೇ ಬೆಲೆ. ನನ್ನ ಅಭಿಪ್ರಾಯದಲ್ಲಿ ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಸೆಕ್ರೆಟರಿಗೆ ಗೊತ್ತಿರೋದು ಯಾವ ಆ್ಯಪಿಗೂ ಗೊತ್ತಿರಲ್ಲ. ಮನೆ ಕೈ ಬದಲಾದಾಗ ನೋ ಡ್ಯೂಸ್ ಪತ್ರಕ್ಕೆ ಅವರ ಹತ್ರಾನೇ ಬರ್ತಾರೆ, ಮೇಂಟೆನೆನ್ಸ್ ಹೆಸರು ಬದಲಾಗುತ್ತೆ, ಎಷ್ಟಕ್ಕಾಯ್ತು ಅಂತ ಮಾತು ಬಂದೇ ಬರುತ್ತೆ. ಮನೆ ನೋಡೋಕೆ ಹೋದಾಗ ಹತ್ತು ನಿಮಿಷ ಅವರ ಜೊತೆ ಕೂತು ವಿಚಾರಿಸಿ, ನೀರು ಹೇಗೆ, ಲಿಫ್ಟ್ ರಿಪೇರಿ ಬಾಕಿ ಇದ್ಯಾ, ಕಾರ್ಪಸ್ ಅಂದ್ರೆ ಅಸೋಸಿಯೇಷನ್ನಿನ ಮೀಸಲು ಹಣ ಎಷ್ಟಿದೆ, ಅದರ ಜೊತೆ ರೇಟೂ ಸಿಗುತ್ತೆ.

ತಗೊಳ್ಳೋರು ಇಸಿ (ಆ ಆಸ್ತಿ ಮೇಲೆ ನೋಂದಣಿ ಆದ ವ್ಯವಹಾರ, ಸಾಲಗಳ ಪಟ್ಟಿ) ತೆಗೆಸಿ. ಕಾವೇರಿ ಪೋರ್ಟಲಲ್ಲೇ ಅರ್ಜಿ ಹಾಕ್ಬೋದು, 2004ರಿಂದೀಚೆಗಿನದು ಕಂಪ್ಯೂಟರಲ್ಲಿದೆ. ಸಾಲ ಇದ್ಯಾ ಅಂತ ನೋಡೋಕೆ ಮಾತ್ರ ಎಲ್ರೂ ಇಸಿ ತೆಗಿತಾರೆ, ಆದ್ರೆ ಅದರಲ್ಲಿ ಪ್ರತಿ ವ್ಯವಹಾರದ ಮುಂದೆ ಮಾರುಕಟ್ಟೆ ಮೌಲ್ಯ ಮತ್ತು ಕೊಟ್ಟ ಮೊತ್ತ ಎರಡೂ ಬರೆದಿರುತ್ತೆ. ಈಗ ಮಾರ್ತಿರೋರು ಯಾವ ವರ್ಷ ಎಷ್ಟಕ್ಕೆ ತಗೊಂಡ್ರು ಅನ್ನೋದು ನಿಮ್ಮ ಕೈಗೆ ಬರುತ್ತೆ, ಪತ್ರದ ಬೆಲೆ ಪೂರ್ತಿ ಸತ್ಯ ಇಲ್ಲದೇ ಇರ್ಬೋದು, ಆದ್ರೂ ಮಾತುಕತೆಗೆ ಕೂರೋವಾಗ ಅದು ಗೊತ್ತಿರೋದಕ್ಕೂ ಇಲ್ಲದೇ ಇರೋದಕ್ಕೂ ಬಹಳ ವ್ಯತ್ಯಾಸ. ಎರಡ್ಮೂರು ವರ್ಷ ಹಳೇ ಮಾರಾಟದ ಬೆಲೆ ಸಿಕ್ಕಿದ್ರೆ ಇವತ್ತಿನ ಲೆಕ್ಕಕ್ಕೆ ತರೋಕೆ ರಿಸರ್ವ್ ಬ್ಯಾಂಕ್ ಮೂರು ತಿಂಗಳಿಗೊಮ್ಮೆ ಹೊರಡಿಸೋ ಮನೆ ಬೆಲೆ ಸೂಚ್ಯಂಕ ನೋಡಿ, ಬೆಂಗಳೂರಿಗೆ ಬೇರೆ ಅಂಕಿ ಇದೆ, ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ರೆಸಿಡೆಕ್ಸ್ ಕೂಡ ಇದೆ. ಇಡೀ ನಗರದ ಸರಾಸರಿ ಅದು, ನಿಮ್ಮ ರಸ್ತೆಯದ್ದಲ್ಲ.

ಹಂತ 6: ನಿಮ್ಮ ಲೆಕ್ಕ ನೀವೇ ಹಾಕಿ

ಫ್ಲಾಟಿನ ಉದಾಹರಣೆ ತಗೊಳ್ಳೋಣ. 1,250 ಸ್ಕ್ವೇರ್ ಫೀಟ್ ಸೂಪರ್ ಬಿಲ್ಟ್ ಅಪ್, ಹನ್ನೆರಡು ವರ್ಷ ಹಳೇದು. ಆ್ಯಪ್ 9,600 ರೇಟಲ್ಲಿ 1.2 ಕೋಟಿ ಅಂತು. ಗೈಡೆನ್ಸ್ 6,000 ಲೆಕ್ಕದಲ್ಲಿ 75 ಲಕ್ಷ. ಅಸೋಸಿಯೇಷನ್ ಕಡೆಯಿಂದ ಗೊತ್ತಾಗಿದ್ದು ವರ್ಷದೊಳಗೆ ಎರಡು ಮನೆ ಹೋಗಿದೆ, ಒಂದು 8,500ಕ್ಕೆ, ಇನ್ನೊಂದು 8,800ಕ್ಕೆ, ಅಂದ್ರೆ 1.06ರಿಂದ 1.10 ಕೋಟಿ. ಬಾಡಿಗೆಯಿಂದ ಒಂದ್ಸಲ ತಾಳೆ ನೋಡಿ. ಬೆಂಗಳೂರಲ್ಲಿ ವರ್ಷದ ಬಾಡಿಗೆ ಸಾಮಾನ್ಯವಾಗಿ ಮನೆ ಬೆಲೆಯ ಶೇ 3ರಿಂದ 4ರ ಆಸುಪಾಸು ಇರುತ್ತೆ, ಈ ಮನೆಗೆ ತಿಂಗಳಿಗೆ 32,000 ಬಾಡಿಗೆ ಬರುತ್ತೆ ಅಂದ್ರೆ ವರ್ಷಕ್ಕೆ 3.84 ಲಕ್ಷ, ಶೇ 3.5 ಲೆಕ್ಕದಲ್ಲಿ ಸುಮಾರು 1.10 ಕೋಟಿ. ಮಾರಾಟದ ಲೆಕ್ಕಾನೂ ಬಾಡಿಗೆ ಲೆಕ್ಕಾನೂ ಒಂದೇ ಕಡೆ ಬಂತು, ಆ್ಯಪ್ ಮಾತ್ರ ಹತ್ತು ಲಕ್ಷ ಮೇಲಿದೆ. ಇಂಥ ಕಡೆ ನಾನು ನಂಬೋದು ಕೊಟ್ಟ ರೇಟನ್ನ.

ಇಂಡಿಪೆಂಡೆಂಟ್ ಮನೆಗೆ ದಾರಿ ಬೇರೆ, ಸೈಟು ಬೇರೆ ಕಟ್ಟಡ ಬೇರೆ ಲೆಕ್ಕ ಹಾಕ್ಬೇಕು. 30x40 ಸೈಟು, 1,200 ಸ್ಕ್ವೇರ್ ಫೀಟ್, ಅಲ್ಲಿ ಖಾಲಿ ಸೈಟಿನ ರೇಟ್ 10,000 ಇದ್ರೆ ಜಾಗಕ್ಕೇ 1.2 ಕೋಟಿ. ಮೇಲೆ 20 ಚದರ ಮನೆ (ಒಂದು ಚದರ ಅಂದ್ರೆ 100 ಸ್ಕ್ವೇರ್ ಫೀಟ್), ಇವತ್ತು ಕಟ್ಟೋಕೆ ಚದರಕ್ಕೆ 2.2 ಲಕ್ಷ ಅಂದ್ರೆ 44 ಲಕ್ಷ. ಮನೆಗೆ 20 ವರ್ಷ ಆಗಿದೆ, ಆಯಸ್ಸು 60 ವರ್ಷ ಅಂತ ಹಿಡಿದ್ರೆ ಮೂರನೇ ಒಂದು ಭಾಗ ಹೋಯ್ತು, ಉಳಿದದ್ದು ಸುಮಾರು 29 ಲಕ್ಷ. ಒಟ್ಟು 1.49 ಕೋಟಿ. ತೀರಾ ಹಳೇ ಮನೆ ಆದ್ರೆ ತಗೊಳ್ಳೋರು ಕೆಡವಿ ಕಟ್ಟೋ ಯೋಚನೇಲಿರ್ತಾರೆ, ಆಗ ಕಟ್ಟಡಕ್ಕೆ ಏನೂ ಸಿಗಲ್ಲ, ತೇಗದ ಬಾಗಿಲು ಕಿಟಕಿ ಹಾಕಿದ್ದೀವಿ ಅಂತ ಎಷ್ಟು ಹೇಳಿದ್ರೂ ಅಷ್ಟೇ.

ಇದಕ್ಕೆ ಕೂಡೋದು ಕಳೆಯೋದು ಇರುತ್ತೆ. ಬಿ ಖಾತಾ ಆದ್ರೆ ಬಹಳ ಬ್ಯಾಂಕುಗಳು ಸಾಲ ಕೊಡೋಕೆ ಹಿಂದೆಮುಂದೆ ನೋಡ್ತವೆ, ತಗೊಳ್ಳೋರೇ ಕಮ್ಮಿ ಆಗ್ತಾರೆ, ಬೆಲೆ ಇಳಿಯುತ್ತೆ. ಕಾವೇರಿ ನೀರಿನ ಕನೆಕ್ಷನ್ ಇದ್ಯಾ ಇಲ್ಲಾ ಟ್ಯಾಂಕರೇ ಗತೀನಾ ಅನ್ನೋದು 2024ರ ಬೇಸಿಗೆ ಆದ್ಮೇಲೆ ಪ್ರತಿಯೊಬ್ರೂ ಕೇಳೋ ಪ್ರಶ್ನೆ. 2022ರ ಸೆಪ್ಟೆಂಬರಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಗೇ ನೀರು ನುಗ್ತು, ಪಕ್ಕದ ರಸ್ತೆ ಸ್ವಲ್ಪ ಎತ್ತರದಲ್ಲಿದ್ರೆ ಏನೂ ಆಗಿರಲ್ಲ, ಆದ್ರೆ ಆ್ಯಪಿಗೆ ಎರಡು ರಸ್ತೆಗೂ ಒಂದೇ ಏರಿಯಾ ರೇಟು. ಮಳೆನೀರು ಹರಿಯೋ ರಾಜಕಾಲುವೆ ಎಷ್ಟು ದೂರ ಅಂತ ನಡ್ಕೊಂಡೇ ಹೋಗಿ ನೋಡಿ, ಮಳೆ ಬಂದ ಮರುದಿನ ಹೋದ್ರೆ ಇನ್ನೂ ಒಳ್ಳೇದು.

ಹಂತ 7: ತಗೊಳ್ಳೋರು ಬ್ಯಾಂಕಿನ ಲೆಕ್ಕ ಮರೀಬೇಡಿ

ಹೋಮ್ ಲೋನಿಗೆ ಹೋದಾಗ ಬ್ಯಾಂಕು ತನ್ನ ವ್ಯಾಲ್ಯುಯರ್ ಕಳಿಸುತ್ತೆ, ಅಗ್ರಿಮೆಂಟ್ ಬೆಲೆ ಮತ್ತು ವ್ಯಾಲ್ಯುಯರ್ ಹೇಳಿದ ಬೆಲೆ ಎರಡರಲ್ಲಿ ಕಮ್ಮಿ ಇರೋದರ ಮೇಲೆ ಸಾಲ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 30 ಲಕ್ಷದ ತನಕದ ಸಾಲಕ್ಕೆ ಬೆಲೆಯ ಶೇ 90, 30ರಿಂದ 75 ಲಕ್ಷದ ತನಕ ಶೇ 80, ಅದಕ್ಕಿಂತ ಮೇಲೆ ಶೇ 75 ಗರಿಷ್ಠ. ನೀವು 1.10 ಕೋಟಿಗೆ ಒಪ್ಕೊಂಡ್ರಿ, ವ್ಯಾಲ್ಯುಯರ್ ಒಂದು ಕೋಟಿ ಅಂದ್ರು, ಸಾಲ 75 ಲಕ್ಷ, ಉಳಿದ 35 ಲಕ್ಷ ಮತ್ತು ರಿಜಿಸ್ಟ್ರೇಷನ್ನಿಗೆ 8.36 ಲಕ್ಷ, ಒಟ್ಟು 43 ಲಕ್ಷದ ಮೇಲೆ ಕೈಯಿಂದ ಹಾಕ್ಬೇಕು. ಅದಕ್ಕೇ ದೊಡ್ಡ ಅಡ್ವಾನ್ಸ್ ಕೊಡೋ ಮುಂಚೆ ಟೋಕನ್ ಮಾತ್ರ ಕೊಟ್ಟು ವ್ಯಾಲ್ಯುಯೇಷನ್ ಮಾಡ್ಸಿ, ಸಾಲ ಇಷ್ಟು ಸಿಗ್ಲಿಲ್ಲ ಅಂದ್ರೆ ಅಡ್ವಾನ್ಸ್ ವಾಪಸ್ ಅಂತ ಅಗ್ರಿಮೆಂಟಲ್ಲಿ ಬರೆಸ್ಕೊಳ್ಳಿ. ಸಾಲ ತಗೊಳ್ದೇ ಇದ್ರೂ ಸ್ವಂತ ಖರ್ಚಲ್ಲಿ ರಿಜಿಸ್ಟರ್ಡ್ ವ್ಯಾಲ್ಯುಯರ್ ಹತ್ರ ರಿಪೋರ್ಟ್ ಮಾಡಿಸೋದು ಒಳ್ಳೇದು, ಕೋಟಿ ವ್ಯವಹಾರದಲ್ಲಿ ಆ ಫೀಸು ಲೆಕ್ಕಕ್ಕೇ ಬರಲ್ಲ.

ಮಾತುಕತೇಲಿ ಆ್ಯಪ್ ತೋರಿಸಿ ವಾದ ಮಾಡ್ಬೇಡಿ, ಅವರೂ ಇನ್ನೊಂದು ಆ್ಯಪ್ ತೆಗೀತಾರೆ. ಇದೇ ಬಿಲ್ಡಿಂಗಲ್ಲಿ ಹೋದ ಎರಡು ಮನೆ ರೇಟ್ ಹೇಳಿ, ಪೇಂಟಿಂಗು, ಬಾತ್‌ರೂಮ್ ಲೀಕೇಜು, ವೈರಿಂಗ್ ಇವಕ್ಕೆ ಎಷ್ಟಾಗುತ್ತೆ ಅಂತ ಕೊಟೇಷನ್ ತಗೊಂಡು ಹೋಗಿ, ಗೌರವವಾಗಿ ಮುಂದಿಡಿ.

ಹಂತ 8: ಮಾರೋರಿಗೆ

ಆ್ಯಪ್ ಹೇಳಿದ 1.2 ಕೋಟಿಗೇ ಹಾಕಿ ಕಾಯ್ತಾ ಕೂತ್ರೆ ನಿಮ್ಮ ಜಾಹೀರಾತು ಹಳೇದಾಗುತ್ತೆ, ನೋಡಿದವರೆಲ್ಲ ಈ ಮನೇಲಿ ಏನೋ ತೊಂದರೆ ಇರ್ಬೇಕು ಅಂದ್ಕೋತಾರೆ. ನಿಮ್ಮ ಲೆಕ್ಕದಲ್ಲಿ 1.06ರಿಂದ 1.10 ಬಂದಿದ್ರೆ 1.14 ಹತ್ರ ಹಾಕಿ, ಚೌಕಾಸಿಗೆ ಜಾಗ ಇರ್ಲಿ. ಮೊದಲ ಎರಡ್ಮೂರು ವಾರ ಗಮನಿಸಿ: ಫೋನೇ ಬರ್ತಿಲ್ಲ ಅಂದ್ರೆ ರೇಟ್ ಜಾಸ್ತಿ ಆಯ್ತು, ಫೋನ್ ಬರುತ್ತೆ ಮನೆ ನೋಡೋಕೆ ಬರಲ್ಲ ಅಂದ್ರೆ ಖಾತಾನೋ ಪಾರ್ಕಿಂಗೋ ಏನೋ ಒಂದು ಅಡ್ಡ ಬರ್ತಿದೆ, ಬಂದು ನೋಡಿ ಸುಮ್ನೆ ಹೋಗ್ತಾರೆ ಅಂದ್ರೆ ಮನೆ ಸ್ಥಿತಿಗೂ ರೇಟಿಗೂ ಹೊಂದ್ತಿಲ್ಲ. ಇ-ಖಾತಾ, ಇಸಿ, ಟ್ಯಾಕ್ಸ್ ರಸೀದಿ, ಒಸಿ (ವಾಸಕ್ಕೆ ಯೋಗ್ಯ ಅನ್ನೋ ಅನುಮತಿ ಪತ್ರ) ಇದ್ರೆ ಅದರ ಕಾಪಿ ಎಲ್ಲಾ ಮೊದಲೇ ಫೈಲಲ್ಲಿ ರೆಡಿ ಇಡಿ, ಪತ್ರ ಕ್ಲೀನಾಗಿರೋ ಮನೆಗೆ ಜನ ಎರಡು ರೂಪಾಯಿ ಜಾಸ್ತಿ ಕೊಡ್ತಾರೆ.

ಒಬ್ರು ಬಂದು ಸ್ವಲ್ಪ ಜಾಸ್ತಿ ಕೊಡ್ತೀನಿ ಆದ್ರೆ ಅರ್ಧ ಕ್ಯಾಶು ಅಂದ್ರೆ ದಯವಿಟ್ಟು ಒಪ್ಪಬೇಡಿ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಂಡ್ರೆ ತಗೊಂಡಷ್ಟೇ ಮೊತ್ತ ದಂಡ ಬೀಳ್ಬೋದು. ಎಲ್ರೂ ಪೂರ್ತಿ ಬೆಲೆ ಪತ್ರದಲ್ಲಿ ಬರೆಸಿದ್ರೆ ಮುಂದೆ ಮನೆ ಹುಡುಕೋರಿಗೆ ನಿಜವಾದ ರೇಟು ಗೊತ್ತಾಗುತ್ತೆ, ಆ್ಯಪ್‌ಗಳ ಅಂದಾಜೂ ಸುಧಾರಿಸೋಕೆ ದಾರಿ ಆಗುತ್ತೆ, ಇದು ನಾನು ಮನಸ್ಸಿಂದ ಹೇಳ್ತಿರೋ ಮಾತು.

ಹೊರದೇಶದಲ್ಲಿದ್ದು ಮಾರೋರಿಗೆ ಒಂದು ಮಾತು ಬೇರೆ. ಮಾರೋರು ಇಲ್ಲೇ ಇರೋರಾದ್ರೆ 50 ಲಕ್ಷ ಮತ್ತು ಮೇಲಿನ ಬೆಲೆಗೆ ಕೊಳ್ಳೋರು ಶೇ 1 ಟಿಡಿಎಸ್ (ದುಡ್ಡು ಕೊಡೋವಾಗಲೇ ಮುರ್ಕೊಂಡು ಸರ್ಕಾರಕ್ಕೆ ಕಟ್ಟೋ ತೆರಿಗೆ) ಹಿಡಿದ್ರೆ ಸಾಕು, ಎನ್‌ಆರ್‌ಐ ಆದ್ರೆ ಹಾಗಲ್ಲ, ಕ್ಯಾಪಿಟಲ್ ಗೇನ್ಸ್ ದರದಲ್ಲಿ ಹಿಡೀಬೇಕಾಗುತ್ತೆ, ಕೊಳ್ಳೋರು ಸಾಮಾನ್ಯವಾಗಿ ಪೂರ್ತಿ ಬೆಲೆ ಮೇಲೇ ಹಿಡಿದುಬಿಡ್ತಾರೆ. ಕಮ್ಮಿ ಹಿಡಿಯೋಕೆ ಆದಾಯ ತೆರಿಗೆ ಇಲಾಖೆಯಿಂದ ಸರ್ಟಿಫಿಕೇಟ್ ತರ್ಬೋದು, ಅದಕ್ಕೆ ಟೈಮ್ ಹಿಡಿಯುತ್ತೆ, ಹಂಗಾಗಿ ಜಾಹೀರಾತು ಹಾಕೋ ಮುಂಚೆಯೇ ಸಿಎ ಹತ್ರ ಮಾತಾಡಿ. ಅಲ್ಲೇ ಕೂತು ಆ್ಯಪ್ ರೇಟ್ ನೋಡಿ ತೀರ್ಮಾನ ಮಾಡೋದಕ್ಕಿಂತ, ಊರಲ್ಲಿರೋ ಅಣ್ಣನನ್ನೋ ಅಕ್ಕನನ್ನೋ ಒಂದ್ಸಲ ಅಸೋಸಿಯೇಷನ್ ಸೆಕ್ರೆಟರಿ ಹತ್ರ ಕಳಿಸಿ ಕೊನೇ ಎರಡು ಮನೆ ಎಷ್ಟಕ್ಕೆ ಹೋಯ್ತು ಅಂತ ಕೇಳಿಸಿ, ಆಮೇಲೆ ರೇಟ್ ಫಿಕ್ಸ್ ಮಾಡಿ.